ಹೊಸಿಲು ದಾಟಿದ ಬೂಟು

ಮಗಳಿಗೆ ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿತ್ತು, ಹಾಸ್ಟೆಲಿನಲ್ಲಿ ಸಿಕ್ಕಿರಲಿಲ್ಲ. ಸೋಮವಾರದಿಂದ ಕ್ಲಾಸು. ಅವಳ ಜೊತೆ ರೂಮು ಹುಡುಕಲು ಬಂದ ನೀಲವ್ವ ಹೆಜ್ಜೆಹೆಜ್ಜೆಗೂ ಹಿಂದೆ ಮುಂದೆ ನೋಡುತ್ತಿದ್ದಳು. ಗುರುತು ಪರಿಚಯವಿಲ್ಲದ ಓಣಿ, ಹರೆಯದ ಹುಡುಗಿ.

ರೂಮು ತೋರಿಸಿದ ಮಾಲೀಕ ಬಸಲಿಂಗಪ್ಪ ತನ್ನ ಮನೆಯ ಪಡಸಾಲೆಯಲ್ಲಿ ಸೋಫಾದ ತುಂಬ ಹರಡಿಕೊಂಡು ಕೂತ. "ಯೂನಿವರ್ಸಿಟಿ ಸುತ್ತ ಇಂಥಾ ಸೇಫ್ ಓಣಿ ಮತ್ತೊಂದಿಲ್ಲ. ಬೀದ್ಯಾಗ ಬಂಗಾರ ಬಿಟ್ರೂ ಯಾರೂ ಮುಟ್ಟಂಗಿಲ್ಲ. ಈಗಿಂದೀಗ ಹೂಂ ಅನ್ರಿ, ಇಲ್ಲಾಂದ್ರ ಬ್ಯಾರೇದವ್ರಿಗೆ ಕೊಡ್ತೀನಿ."

ನೀಲವ್ವನಿಗೆ ಹೂಂ ಅನ್ನಲೂ ಹೆದರಿಕೆ, ಉಹೂಂ ಅನ್ನಲೂ ಹೆದರಿಕೆ. ತಲೆ ತಗ್ಗಿಸಿದಳು. ಆಗ ಕಂಡಿತು, ಸೋಫಾದ ಪಕ್ಕದಲ್ಲೇ ಬಸಲಿಂಗಪ್ಪನ ಹೊಳೆಯುವ ಹೊಸ ಬೂಟು. ಹಣೆಯ ಮೇಲೆ ಇಷ್ಟಗಲ ವಿಭೂತಿ, ಪಡಸಾಲೆಯಲ್ಲಿ ಬೂಟು! ಚಪ್ಪಲಿಯನ್ನು ಹೊಸಿಲು ದಾಟಿಸುವ ಮನೆಯನ್ನು ಅವಳು ಹುಟ್ಟಿದಾಗಿನಿಂದ ಕಂಡಿರಲಿಲ್ಲ.

ಮೆಲ್ಲಗೆ ಎದ್ದಳು. "ಅಯ್ಯ, ದೇವರ ಮನಿ ಎದುರು ಬೂಟ್ ಯಾರಿಟ್ಟಾರ್ರಿ?" ಎಂದು ಅದನ್ನೆತ್ತಿ ಬೀದಿಕಟ್ಟೆಯ ಮೇಲಿಟ್ಟು ಬಂದಳು. ಸೆರಗಿಗೆ ಕೈ ಒರೆಸಿಕೊಂಡು ಕೂತಳು. "ಹಾಂ, ಓಣಿ ಬಗ್ಗೆ ಹೇಳಾಕತ್ತಿದ್ರಿ."

ಬಸಲಿಂಗಪ್ಪ ಬಾಗಿಲ ಕಡೆ ನೋಡಿದ. "ಓಣಿ ಭಾಳ..." ಎಂದವನೇ ಬರಿಗಾಲಲ್ಲಿ ಓಡಿಹೋಗಿ, ಬೂಟನ್ನು ಕೂಸಿನಂತೆ ಎದೆಗವಚಿಕೊಂಡು ಬಂದ. "ಮೊನ್ನೆನೂ ಒಂದ್ ಜೋಡಿ ಹೋತ್ರಿ!"

ಸೋಮವಾರದ ಚಿಂತೆ ಹಾಗೇ ಇತ್ತು. ಆದರೂ ನೀಲವ್ವ ಮಗಳ ಕೈ ಹಿಡಿದು ಎದ್ದಳು.

"ಬೂಟ್ ಬಿಡಾಕ ನಿಮಗ ಧೈರ್ಯ ಇಲ್ಲ ಯಜಮಾನ್ರ. ನಾ ಮಗಳನ್ನ ಬಿಡಬೇಕಲ್ರಿ?"