ಬೀಗ ಬಿದ್ದ ಬಯಲು

"ಬುದ್ಧಿ, ಹಿರಿಯರಿಗೆ ನಾವು ತೋರಿಸುವ ಗೌರವ ಅವರಿಗೆ ಸಲ್ಲುತ್ತದೆಯೇ?" ಎಂದು ಶಿಷ್ಯ ಕೇಳಿದ.

ಮಠದ ಹಿರಿಯ ಗುರುಗಳು ತೀರಿಕೊಂಡು ಅಂದಿಗೆ ಒಂದು ವರ್ಷ. ಅವರು ಊರ ಮಕ್ಕಳಿಗೆ ಪಾಠ ಹೇಳುತ್ತಿದ್ದ ಕೋಣೆಯನ್ನು ಶಿಷ್ಯ ಬೆಳಿಗ್ಗೆ ತೊಳೆದು, ಅವರ ಪಟಕ್ಕೆ ಹಾರ ಹಾಕಿ, ಬಾಗಿಲಿಗೆ ಬೀಗ ಹಾಕಿಕೊಂಡು ಬಂದಿದ್ದ. ಪಾಠಕ್ಕೆ ಬಂದ ಮಕ್ಕಳನ್ನು ಮನೆಗೆ ಕಳಿಸಿದ್ದ.

ಮಠದ ಈಗಿನ ಗುರುಗಳು ಅವನನ್ನು ಒಮ್ಮೆ ನೋಡಿದರು. "ಕೂತುಕೋ. ಒಬ್ಬ ಆಟಗಾರನ ಕತೆ ಹೇಳುತ್ತೇನೆ. ಹೇಳುವಾಗ ನನಗೆ ಸಿಟ್ಟು ಬರುತ್ತದೆ, ಸಹಿಸಿಕೋ."

ಒಂದು ಊರಿನ ಕೆರೆಯ ಪಕ್ಕ ಒಂದು ಬಯಲಿತ್ತು. ಮಡಿವಾಳರು ಅಲ್ಲಿ ಒಗೆದ ಬಟ್ಟೆ ಹರವುತ್ತಿದ್ದರು. ಹುಡುಗರು ಅಲ್ಲೇ ಫುಟ್‌ಬಾಲ್ ಆಡುತ್ತಿದ್ದರು. ಚೆಂಡು ಬಟ್ಟೆಗೆ ತಾಗಿತೋ, ಆಟ ಮುಗಿಯಿತು. ತಾಯಮ್ಮ ಎಂಬ ಹೆಂಗಸು ಚೆಂಡನ್ನು ಕಿತ್ತುಕೊಂಡು ಬಟ್ಟೆಗಂಟಿನೊಳಗೆ ಕಟ್ಟಿಬಿಡುತ್ತಿದ್ದಳು. ಮಾರನೇ ದಿನ ಅವಳ ಮನೆಗೆ ಹೋಗಿ, ಹೊಟ್ಟೆ ತುಂಬ ಬೈಸಿಕೊಂಡು, ಬಿಡಿಸಿಕೊಂಡು ಬರಬೇಕು. ಹಾಗಾಗಿ ಎರಡು ಸೀರೆಗಳ ನಡುವಿನ ಗೇಣಗಲ ಜಾಗದಲ್ಲೇ ಚೆಂಡನ್ನು ಕಾಲಿಂದ ಬಿಡದೆ ಒಯ್ಯುವುದನ್ನು ಹುಡುಗರು ಕಲಿತರು.

ಅವರಲ್ಲೊಬ್ಬ ಎಷ್ಟು ಚೆನ್ನಾಗಿ ಕಲಿತನೆಂದರೆ, ದೇಶದ ತಂಡಕ್ಕೇ ಆಡಿದ. ಪರದೇಶದವರು ಮೈಮೇಲೆ ಬಿದ್ದರೂ ಅವನ ಕಾಲಿನ ಚೆಂಡು ಸಿಗುತ್ತಿರಲಿಲ್ಲ. ಯಾರು ಕಲಿಸಿದರು ಎಂದು ಕೇಳಿದರೆ ತಾಯಮ್ಮನ ಹೆಸರು ಹೇಳುತ್ತಿದ್ದ. ಕೇಳಿದವರು ಅವಳನ್ನು ಯಾರೋ ದೊಡ್ಡ ಕೋಚ್ ಎಂದುಕೊಂಡರು.

ವಯಸ್ಸಾಯಿತು, ಮೊಣಕಾಲು ಸೋತವು, ಆಟ ಬಿಟ್ಟ. ಅವನಿಗೆ ಏನಾದರೂ ಮಾಡಬೇಕೆಂದು ಊರಿನವರಿಗೆ ಅನಿಸಿತು. ಏನು ಮಾಡಿದರು ಗೊತ್ತೇ? ಬಯಲಿಗೆ ಕಾಂಪೌಂಡು ಕಟ್ಟಿದರು. ಮಡಿವಾಳರನ್ನು ಎಬ್ಬಿಸಿದರು. ಹುಲ್ಲು ಬೆಳೆಸಿ, ನಟ್ಟನಡುವೆ ಅವನ ಪ್ರತಿಮೆ ನಿಲ್ಲಿಸಿದರು. ಗೇಟಿನ ಮೇಲೆ ಅವನ ಹೆಸರು, ಗೇಟಿಗೆ ಬೀಗ. ಮಕ್ಕಳು ಬಂದರೆ ಹುಲ್ಲು ಹಾಳಾಗುತ್ತದಂತೆ. ಅಷ್ಟು ದೊಡ್ಡ ಬಯಲಿನಲ್ಲಿ ಪ್ರತಿಮೆಯ ಕಾಲಿಗೊಂದು ಕಲ್ಲಿನ ಚೆಂಡು, ಮಿಕ್ಕ ಯಾರಿಗೂ ಇಲ್ಲ. ಇದಕ್ಕೆ ಏನನ್ನಬೇಕು, ನೀನೇ ಹೇಳು.

ಉದ್ಘಾಟನೆಗೆ ಅವನನ್ನು ಕರೆಸಿ ಪೇಟ ತೊಡಿಸಿ ಶಾಲು ಹೊದಿಸಿದರು. ಹಳೆಯ ಚೆಂಡೊಂದನ್ನು ಹಿಡಿದ ಮಕ್ಕಳು ಗೇಟಿನ ಸರಳಿಗೆ ಮುಖ ಒತ್ತಿಕೊಂಡು ನಿಂತಿದ್ದರು. ಅವರ ಹಿಂದೆ ಮುದುಕಿಯಾದ ತಾಯಮ್ಮ ನಿಂತಿದ್ದಳು.

"ಅವರನ್ನು ಯಾಕೆ ಹೊರಗೆ ನಿಲ್ಲಿಸಿದ್ದೀರಿ?" ಎಂದು ಅವನು ಕೇಳಿದ.

"ನಿಮ್ಮ ಹೆಸರಿನ ಜಾಗ ಸಾರ್, ಕಂಡಕಂಡವರು ತುಳಿಯಬಾರದು," ಎಂದರು ಸಮಿತಿಯ ಅಧ್ಯಕ್ಷರು.

ಅವನಿಗೆ ರೇಗಿಹೋಯಿತು. "ಆ ಕಂಡಕಂಡವರಲ್ಲಿ ನಾನೂ ಒಬ್ಬ ಕಣ್ರೀ. ಇದನ್ನು ತುಳಿದೇ ಆಟ ಕಲಿತವನು. ಈ ಮಕ್ಕಳು ಇನ್ನೆಲ್ಲಿ ಕಲಿಯಬೇಕು? ನನಗೆ ಮರ್ಯಾದೆ ಮಾಡ್ತೀವಿ ಅಂತ ನನ್ನ ಮುಖಕ್ಕೇ ಮಸಿ ಬಳಿದಿರಲ್ಲ."

ಹೆಗಲ ಶಾಲು ತೆಗೆದು ಹುಲ್ಲಿನ ಮೇಲೆ ಹರವಿದ. ವೇದಿಕೆಯ ಮೇಲಿದ್ದವರ ಶಾಲುಗಳನ್ನೂ ಎಳೆದುಕೊಂಡು ಸಾಲಾಗಿ ಹರವಿದ. ತಾನೇ ಹೋಗಿ ಗೇಟು ತೆಗೆಸಿದ. "ತಾಯಮ್ಮಕ್ಕ, ಶಾಲಿಗೆ ತಾಗಿದರೆ ಚೆಂಡು ನಿನ್ನದು," ಎಂದ. ಮಕ್ಕಳು ಕತ್ತಲಾಗುವವರೆಗೆ ಆಡಿದರು.

ಮಾರನೇ ದಿನ ಅವನು ಬಸ್ಸು ಹತ್ತಿ ತನ್ನ ಮನೆಗೆ ಹೋದ. ಸಮಿತಿಯವರು ಶಾಲುಗಳನ್ನು ಕೊಡವಿ ಮಡಚಿಟ್ಟು ಮತ್ತೆ ಬೀಗ ಹಾಕಿದರು. ವರ್ಷಕ್ಕೊಮ್ಮೆ ತೆಗೆದು ಪ್ರತಿಮೆಗೆ ಹಾರ ಹಾಕುತ್ತಾರೆ. ಹುಲ್ಲು ಚೆನ್ನಾಗಿದೆ. ಆ ಊರಿನಿಂದ ಇನ್ನೊಬ್ಬ ಆಟಗಾರ ಬರಲಿಲ್ಲ.

ಇಷ್ಟು ಹೇಳಿ ಗುರುಗಳು ಕತೆ ಮುಗಿಸಿದರು. ಶಿಷ್ಯನಿಗೂ ಸಿಟ್ಟು ಬಂದಿತ್ತು.

"ಎಂಥ ಜನ ಬುದ್ಧಿ. ನಾನಾಗಿದ್ದರೆ ಆ ಬೀಗ ಒಡೆದೇ ಬಿಡುತ್ತಿದ್ದೆ," ಎಂದ.

"ಒಡೆಯುವುದೇನೂ ಬೇಡ, ಬೀಗದ ಕೈ ನಿನ್ನ ಸೊಂಟದಲ್ಲೇ ಇದೆ," ಎಂದರು ಗುರುಗಳು.