ಗರಡಿಮನೆಯ ಹುಣ್ಣು

ಕಡ್ಲಿಗುಂದಿಯ ಬಯಲುಮಠಕ್ಕೆ ಆಗ ಗೋಪುರವಿಲ್ಲ, ಕಲ್ಲಿನ ಕಂಬವೂ ಇಲ್ಲ. ಮಣ್ಣಿನ ಗೋಡೆ, ಮೇಲೆ ತಗಡು, ಅಂಗಳದಲ್ಲೊಂದು ಬೇವಿನ ಮರ, ಇಷ್ಟೇ. ಪರಮಪೂಜ್ಯ ನಿರಂಜನಯ್ಯ ಅಜ್ಜನವರು ಬೆಳಗಿನ ಲಿಂಗಪೂಜೆ ಮುಗಿಸಿ, ಕಾವಿಯನ್ನು ಮೊಳಕಾಲವರೆಗೆ ಎತ್ತಿ ಕಟ್ಟಿ, ಆ ಮರದ ಕೆಳಗೆ ಒಲೆ ಹೂಡಿ ಹಳೆಯ ಅರಿವೆಗಳನ್ನು ಕುದಿಸುತ್ತಿದ್ದರು. ಹುಣ್ಣಿಗೆ ಕಟ್ಟುವ ಅರಿವೆಗಳವು. ಶಿಷ್ಯರಿದ್ದರೂ ಆ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಡುತ್ತಿರಲಿಲ್ಲ.

ಅಂಥ ಹೊತ್ತಿನಲ್ಲಿ ಅಂಗಳಕ್ಕೆ ನುಗ್ಗಿದವನು ಭರಮಪ್ಪ ಉಸ್ತಾದ. ಊರ ಗರಡಿಮನೆಯಲ್ಲಿ ಕುಸ್ತಿ ಕಲಿಸುವ ಗುರು ಅವನು. ಸುತ್ತಲಿನ ಹಳ್ಳಿಗಳ ಪೈಲ್ವಾನರೆಲ್ಲ ಅವನ ಕೈಯಲ್ಲೇ ಪಳಗಿದವರು. ಕಾಲಲ್ಲಿದ್ದ ಕಾಲ್ಮರಿ ಹೊರಗೆ ಬಿಡುವುದನ್ನೂ ಮರೆತು ಬಂದಿದ್ದ, ಅಷ್ಟು ಸಿಟ್ಟು. ಯಾರೂ ಗರಡಿಯ ಮಣ್ಣಿಗೆ ಇಳಿಯಬಾರದೆಂದು ಮಠದಿಂದ ಅಂದು ಬೆಳಿಗ್ಗೆ ಅಪ್ಪಣೆ ಬಂದಿತ್ತು. ತನ್ನ ಗರಡಿಗೆ ಬೇರೆಯವರ ಅಪ್ಪಣೆಯೇ?

ಇದಕ್ಕೆಲ್ಲ ಮೂಲ ಯಮನೂರ. ಭರಮಪ್ಪನ ಶಿಷ್ಯರಲ್ಲಿ ಎಲ್ಲರಿಗಿಂತ ಗಟ್ಟಿಗ, ಇಪ್ಪತ್ತರ ಪ್ರಾಯದವನು. ಬೇಸಿಗೆಯಿಂದ ಅವನ ಹೆಗಲು, ಬೆನ್ನಿನ ಮೇಲೆಲ್ಲ ಕೀವುಗುಳ್ಳೆ ಏಳತೊಡಗಿದ್ದವು. ಒಂದು ಒಡೆದು ಒಣಗುವಷ್ಟರಲ್ಲಿ ಪಕ್ಕದಲ್ಲಿ ಇನ್ನೊಂದು. ಗರಡಿಯಲ್ಲಿ ಎಲ್ಲಕ್ಕೂ ಮದ್ದು ಒಂದೇ, ಅಖಾಡದ ಕೆಂಪು ಮಣ್ಣು. ಎಣ್ಣೆ, ಮಜ್ಜಿಗೆ, ಅರಿಷಿಣ ಕುಡಿದ ಆ ಮಣ್ಣು ಹನುಮಪ್ಪನ ಪ್ರಸಾದ. ಹಚ್ಚಿದ ಮೇಲೆ ತೊಳೆಯಬಾರದು, ತಾನಾಗಿ ಉದುರಬೇಕು. ಹಾಗೇ ಹಚ್ಚಿದರು, ಹುಣ್ಣು ಇನ್ನಷ್ಟು ಹಬ್ಬಿತು.

ಮಣ್ಣಿಗೆ ಮಾಯದ ಹುಣ್ಣೆಂದರೆ ನೇಮ ತಪ್ಪಿದ ಮೈ ಎಂಬುದು ಗರಡಿಯವರ ನಂಬಿಕೆ. ಪೈಲ್ವಾನನಿಗೆ ಬ್ರಹ್ಮಚರ್ಯದ ನೇಮವಿದೆಯಲ್ಲ, ಅದು. ಭರಮಪ್ಪ ಹನುಮಪ್ಪನ ಪಟದ ಮುಂದೆ, ನೆರೆದ ಪೈಲ್ವಾನರೆದುರು, ಯಮನೂರ ನೇಮಗೆಟ್ಟವನೆಂದು ಸಾರಿ ಹೊರಗೆ ಹಾಕಿದ. ಹೆಣ್ಣಿನ ಕಡೆ ಕಣ್ಣೆತ್ತಿ ನೋಡದ ಹುಡುಗನಿಗೆ ಎಂಥ ಮಾತು! ಕೀವು ಸೋರುವ ಮೈಗೆ ಮದ್ದು ಹಾಕುವುದು ಬಿಟ್ಟು ಮುಖಕ್ಕೆ ಮಸಿ ಬಳಿದರು. ಮಗಳನ್ನು ಕೊಡಲು ಒಪ್ಪಿದ್ದ ಸೋದರಮಾವ ಮದುವೆ ಮುರಿದ. ತಾಯಿ ದ್ಯಾಮವ್ವ ನಾಲ್ಕು ಜನ ಸೇರುವಲ್ಲಿಗೆ ಹೋಗುವುದನ್ನೇ ಬಿಟ್ಟಳು. ಒಬ್ಬನಾದರೂ ಆ ಹುಡುಗನನ್ನು ಕರೆದು ಕೇಳಲಿಲ್ಲ.

ಕರೆದವರು ಅಜ್ಜನವರು. ತಾಲೂಕಿನ ದವಾಖಾನೆಗೆ ತಾವೇ ಕರೆದುಕೊಂಡು ಹೋದರು. ಡಾಕ್ಟರು ಕಂದು ಬಣ್ಣದ ಅಯೋಡಿನ್ ಔಷಧ ಕೊಟ್ಟು, ಸಾಬೂನಿನಿಂದ ತೊಳೆದು, ಹಕ್ಕಳೆಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ತೆಗೆದು, ಆಮೇಲೆ ಔಷಧ ಹಚ್ಚಬೇಕೆಂದರು. ಒಬ್ಬರ ಟವೆಲ್ ಇನ್ನೊಬ್ಬರು ಮುಟ್ಟಬಾರದು, ಇದು ಮೈಯಿಂದ ಮೈಗೆ ಹತ್ತುವ ರೋಗ ಎಂದೂ ಎಚ್ಚರಿಸಿದರು. ಅಜ್ಜನವರು ಬೆಳಿಗ್ಗೆ ಸಂಜೆ ತಮ್ಮ ಕೈಯಾರೆ ತೊಳೆದು ಹಚ್ಚಿದರು. ಮೈ ಮಾಯಿತು. ಅವರ ಮಾತು ಮೀರಲಾರದೆ ಭರಮಪ್ಪ ಅವನನ್ನು ಮತ್ತೆ ಸೇರಿಸಿಕೊಂಡ, ವಾಡಿಕೆಯಂತೆ ತಾನೇ ಎಣ್ಣೆ ಹಚ್ಚಿ ಮಾಲೀಸು ಮಾಡಿದ. ವಾರ ಕಳೆಯುವುದರೊಳಗೆ ಗುಳ್ಳೆ ಮತ್ತೆ ಎದ್ದವು. ಮತ್ತೆ ಅದೇ ಮಾತು, ಮತ್ತೆ ಹೊರಗೆ.

ಈಗ ಯಮನೂರ ಮಠದ ಗೋಡೆಗೆ ಮುಖ ಮಾಡಿ ಬರಿಮೈಯಲ್ಲಿ ಕುಳಿತಿದ್ದ. ಉಸ್ತಾದನ ದನಿ ಕೇಳಿದರೂ ತಿರುಗಲಿಲ್ಲ.

"ಅಜ್ಜಾರ, ನೀವು ನಮಗ ದೇವರಿದ್ದಂಗ," ಎಂದ ಭರಮಪ್ಪ. "ಆದ್ರ ತಪ್ಪು ಮಾಡಿದಾಂವ ಇವ. ಗರಡಿ ಯಾಕ ಮುಚ್ಚಬೇಕ್ರಿ?"

ಅಜ್ಜನವರು ಕೋಲಿನಿಂದ ಅರಿವೆ ತಿರುವುತ್ತಲೇ ಇದ್ದರು. ಅದು ಅವನನ್ನು ಮತ್ತಷ್ಟು ಕೆರಳಿಸಿತು. ಬಾಯಿಗೆ ಬಂದದ್ದೆಲ್ಲ ಹೇಳಿದ. ತನ್ನ ಗುರುವಿನ ಗುರು ಹದಮಾಡಿದ ಮಣ್ಣು ಅದು, ಅದರ ಮೇಲೆ ಸಂಶಯವೇ? ಬಾಟಲಿಯ ಔಷಧ ಮೇಲಿನ ಚರ್ಮ ತೊಳೆದೀತು, ಒಳಗಿನ ಕೊಳೆ ತೊಳೆದೀತೇ? ಬೇಕಾದರೆ ಇವನ ತಾಯಿಯನ್ನೇ ಕರೆಸಿ ಆಣೆ ಮಾಡಿಸಿ ಎಂದ.

ತಾಯಿಯ ಹೆಸರು ಬಂದದ್ದೇ ಅಜ್ಜನವರು ಕೋಲು ಕೆಳಗಿಟ್ಟರು. ಇವನಿಗೆ ಎಣ್ಣೆ ಹಚ್ಚುವವರು ಯಾರು ಎಂದು ಕೇಳಿದರು. ಭರಮಪ್ಪ ಎದೆ ಸೆಟೆಸಿ, ಬೇರೆ ಯಾರ ಕೈಯೂ ಅಲ್ಲಿ ನಡೆಯುವುದಿಲ್ಲ, ಗುರುವಿನ ಕೈಯಿಂದಲೇ ಶಿಷ್ಯನಿಗೆ ಬಲ ಇಳಿಯಬೇಕು ಎಂದ.

"ಆ ಕೈ ತೋರಿಸು," ಎಂದರು ಅಜ್ಜನವರು.

ಬಲಗೈ ಹೆಬ್ಬೆರಳಿನ ಉಗುರಿನ ಸುತ್ತ ಬಾತು, ಮೂಲೆಯಲ್ಲಿ ಹಳದಿ ಕೀವು ಇಣುಕುತ್ತಿತ್ತು. ಬೇಸಿಗೆಯಿಂದ ಹೀಗೇ, ಒಡೆಯುವುದು, ಮುಚ್ಚುವುದು. ಬರೀ ಉಗುರುಸುತ್ತು, ದಿನಾ ಮಣ್ಣು ಹಚ್ಚುತ್ತಿದ್ದೇನೆ ಎಂದ ಭರಮಪ್ಪ. ಅಜ್ಜನವರು ಅವನ ಮಣಿಕಟ್ಟು ಹಿಡಿದು ಯಮನೂರನ ಬಳಿಗೆ ಕರೆದೊಯ್ದು, ಆ ಹೆಬ್ಬೆರಳನ್ನು ಬೆನ್ನಿಗೆ ಮುಟ್ಟಿಸದೆ ಮೇಲಿನಿಂದ ಕೆಳಗೆ ಎಳೆದು ತೋರಿಸಿದರು. ಕುತ್ತಿಗೆಯ ಬುಡದಿಂದ ಹೆಗಲಿಗೆ, ಹೆಗಲಿನಿಂದ ಬೆನ್ನುಮೂಳೆಯ ಎರಡೂ ಬದಿಗೆ. ತಾನು ಮಾಲೀಸಿನಲ್ಲಿ ಹೆಬ್ಬೆರಳು ಒತ್ತಿ ಎಳೆಯುವ ಜಾಗಗಳೇ ಅವು ಎಂದು ಭರಮಪ್ಪನಿಗೆ ಯಾರೂ ಹೇಳಬೇಕಾಗಲಿಲ್ಲ. ಹುಣ್ಣುಗಳೆಲ್ಲ ಅಲ್ಲೇ ಇದ್ದವು.

ಅಜ್ಜನವರಿಗೆ ಸಿಟ್ಟು ಬಂದದ್ದನ್ನು ಮಠದವರು ನೋಡಿದ್ದು ಅದೇ ಮೊದಲು.

"ನಿನ್ನ ಹುಣ್ಣೂ ಮಣ್ಣಿಗೆ ಮಾಯಲಿಲ್ಲ, ಭರಮಪ್ಪ. ನಿನ್ನ ನೇಮ ಯಾರು ಕೇಳಿದರು?"

ಅಷ್ಟು ದೊಡ್ಡ ಆಳು ಕುಸಿದು ಅಜ್ಜನವರ ಪಾದಕ್ಕೆ ಕೈ ಚಾಚಿದ. ಅವರು ಪಾದ ಹಿಂದಕ್ಕೆ ಸರಿಸಿದರು. ಅವನನ್ನು ಕಲ್ಲಿನ ಮೇಲೆ ಕೂರಿಸಿ, ಬಿಸಿನೀರು, ಸಾಬೂನು ತಂದು ಆ ಕೈಯನ್ನು ತಾವೇ ತೊಳೆದರು. ಔಷಧ ಹಚ್ಚಿ ಅರಿವೆ ಕಟ್ಟಿದರು. ಉರಿ ತಾಳಲಾರದೆಯೋ, ಬೇರೆ ಕಾರಣಕ್ಕೋ, ಭರಮಪ್ಪನ ಕಣ್ಣಲ್ಲಿ ನೀರು ಸುರಿಯುತ್ತಿತ್ತು. ನಾಳೆ ಡಾಕ್ಟರ ಹತ್ತಿರ ಹೋಗು ಎಂದು ಹೇಳಿ, ಕೊನೆಗೆ ಅಜ್ಜನವರು ಇಷ್ಟು ಮಾತ್ರ ಅಂದರು:

"ಇಲ್ಲಿ ಅಳಬ್ಯಾಡ. ಆ ಮಾತು ಎಲ್ಲಿ ಅಂದಿದ್ದಿ, ಅಲ್ಲೇ ಹೋಗಿ ತಿರುಗಿ ತಗೋ."

ಅಂದು ಸಂಜೆಯೇ ಗರಡಿಮನೆ ತುಂಬಿತು. ಸೋದರಮಾವನೂ ಬಂದಿದ್ದ, ದ್ಯಾಮವ್ವನನ್ನು ಭರಮಪ್ಪ ತಾನೇ ಮನೆಗೆ ಹೋಗಿ ಕರೆತಂದಿದ್ದ. ಹನುಮಪ್ಪನ ಪಟದ ಮುಂದೆ ನಿಂತು, ಕಟ್ಟು ಹಾಕಿದ ಕೈಯನ್ನು ಎಲ್ಲರಿಗೂ ಕಾಣುವಂತೆ ಎತ್ತಿದ. ಯಮನೂರ ನೇಮ ತಪ್ಪಿಲ್ಲ, ಅವನ ಮೈಗೆ ಹುಣ್ಣು ಹತ್ತಿದ್ದು ಈ ಕೈಯಿಂದ, ಅವನ ಹೆಸರು ಕೆಟ್ಟದ್ದು ಈ ಬಾಯಿಂದ ಎಂದ. ದ್ಯಾಮವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಗಟ್ಟಿಯಾಗಿ ಅತ್ತಳು. ಮಾರನೆಯ ದಿನ ಸೋದರಮಾವ ಎಲೆ ಅಡಿಕೆ ಹಿಡಿದು ಬಂದಾಗ ಹೊಸ್ತಿಲು ದಾಟಗೊಡದೆ ಕಳಿಸಿದವಳೂ ಅವಳೇ, ಸರಿಯಾಗಿಯೇ ಮಾಡಿದಳು.

ಹಳೆಯ ಮಣ್ಣನ್ನು ತೋಡಿ ಹೊರಗೆ ಹಾಕಿದರು. ಬಾಗಿಲಲ್ಲಿ ನೀರಿನ ಹಂಡೆ, ಸಾಬೂನು ಬಂದವು. ಗಾಯವಿದ್ದವನು ಅದು ಮಾಯುವವರೆಗೆ ಇಳಿಯುವಂತಿಲ್ಲ, ಉಸ್ತಾದನೂ ಸೇರಿ. ಭರಮಪ್ಪ ಹೆಬ್ಬೆರಳು ಪೂರ್ತಿ ಗುಣವಾಗುವ ತನಕ ಯಾರ ಮೈಯನ್ನೂ ಮುಟ್ಟಲಿಲ್ಲ.

ಯಮನೂರ ಬರುತ್ತಾನೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಒಂದು ಮುಂಜಾನೆ ಬಂದ, ಮೈಮೇಲೆ ಒಂದೂ ಗುಳ್ಳೆಯಿರಲಿಲ್ಲ. ಗರಡಿಯಲ್ಲಿ ಶಿಷ್ಯ ಮೊದಲು ಗುರುವಿಗೆ ಬಾಗಬೇಕು. ಅವನು ಬಾಗುವ ಮೊದಲೇ ಭರಮಪ್ಪ ಹಂಡೆಯ ನೀರಲ್ಲಿ ಕೈ ತೊಳೆದುಕೊಂಡು ಬಂದು, ಎರಡೂ ಕೈಗಳನ್ನು ಶಿಷ್ಯನ ಮುಂದೆ ಹಿಡಿದ. ಯಮನೂರ ಒಂದೊಂದೇ ಬೆರಳನ್ನು ತಿರುವಿ ನೋಡಿದ. ಆಮೇಲೆ ಎಣ್ಣೆ ಹಚ್ಚಿಸಿಕೊಳ್ಳಲು ಬೆನ್ನು ಕೊಟ್ಟು ಕುಳಿತ.