ಹೊಟ್ಟಿನಡಿಯ ತಂತಿ

"ಗುರುಗಳೇ, ನನ್ನ ಕೆಲಸವನ್ನು ನಾನು ಸರಿಯಾಗಿಯೇ ಮಾಡಿ ಮುಗಿಸುತ್ತೇನೆ. ಹೀಗೆ ಏಕೆ ಮಾಡಿದೆ ಎಂಬುದನ್ನು ಮನೆಯವರಿಗೆ ಬಿಡಿಸಿ ಹೇಳುವುದೂ ನನ್ನ ಹೊಣೆಯೇ?" ಎಂದು ಕೊಟ್ರೇಶ ಕೇಳಿದ.

ಅವನು ದೊಡ್ಡಬಸಪ್ಪನವರ ಬಳಿ ವೈರಿಂಗ್ ಕೆಲಸ ಕಲಿಯುತ್ತಿದ್ದ. ಗುರುಗಳಿಗೆ ಎಪ್ಪತ್ತು ದಾಟಿತ್ತು. ಏಣಿ ಹತ್ತುವುದನ್ನು ಬಿಟ್ಟಿದ್ದರು, ಕಲಿಸುವುದನ್ನು ಬಿಟ್ಟಿರಲಿಲ್ಲ. ಅವರು ಒಂದು ಹಳೆಯ ಕತೆ ಹೇಳತೊಡಗಿದರು.

ನಮ್ಮೂರಿನಲ್ಲಿ ತಾಯಮ್ಮ ಎಂಬ ಸೂಲಗಿತ್ತಿ ಇದ್ದಳು. ಊರಿನವರು ಅವಳಿಗೊಂದು ಹೆರಿಗೆ ಮನೆ ಕಟ್ಟಿಕೊಟ್ಟಿದ್ದರು. ತಗಡಿನ ಮಾಡು, ಅದರ ಕೆಳಗೆ ಹಲಗೆಯ ಅಟ್ಟ. ಬೇಸಿಗೆಯಲ್ಲಿ ತಗಡು ಕಾದರೆ ಒಳಗೆ ಮಲಗಿದ ಬಾಣಂತಿಯರು ಬೆಂದುಹೋಗುತ್ತಿದ್ದರು. ಅದಕ್ಕೆ ಅಟ್ಟದ ತುಂಬ ಗೇಣೆತ್ತರ ಭತ್ತದ ಹೊಟ್ಟು ಹರಡಿದರು. ತಗಡಿನ ಸೆಕೆ ಕೋಣೆಗೆ ಇಳಿಯುವುದು ನಿಂತಿತು.

ಊರಿಗೆ ಕರೆಂಟು ಬಂದ ವರ್ಷ ಹುಲಿಗೆಪ್ಪ ಎಂಬ ವೈರ್‌ಮನ್ ಬಂದ. ಒಳ್ಳೆಯ ಕೆಲಸಗಾರ. ತಂತಿಯನ್ನು ಹೊಟ್ಟಿನೊಳಗೆ ಹೂಳಲಿಲ್ಲ. ಅಟ್ಟದ ತೊಲೆಗಳ ಪಕ್ಕಕ್ಕೆ ಮರದ ಪಟ್ಟಿಗಳನ್ನು ನೆಟ್ಟಗೆ ನಿಲ್ಲಿಸಿ ಹೊಡೆದು, ಹೊಟ್ಟಿಗಿಂತ ಒಂದು ಗೇಣು ಮೇಲೆ, ಗಾಳಿಯಾಡುವಂತೆ ಎಳೆದ. ಕೂಡಿಸಿದ ಕಡೆಯಲ್ಲೆಲ್ಲ ಪೆಟ್ಟಿಗೆ ಇಟ್ಟು ಮುಚ್ಚಿದ. ಕೆಳಗಿಳಿದು ಗುಂಡಿ ಒತ್ತಿದ. ದೀಪ ಹತ್ತಿತು. ತಾಯಮ್ಮ ಆ ದೀಪಕ್ಕೆ ಕೈ ಮುಗಿದದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಹುಲಿಗೆಪ್ಪ ಮಜ್ಜಿಗೆ ಕುಡಿದು ಹೊರಟುಹೋದ.

ಎಂಥ ದಿನಗಳು ಅವು! ಆ ದೀಪದ ಕೆಳಗೆ ಹುಟ್ಟಿದ ಮಕ್ಕಳನ್ನು ಊರು ಬೆಳಕಿನ ಮಕ್ಕಳು ಎಂದು ಕರೆಯುತ್ತಿತ್ತು. ನನ್ನ ತಂಗಿಯ ಮಗಳೂ ಅವರಲ್ಲೊಬ್ಬಳು.

ಏಳೆಂಟು ವರ್ಷದಲ್ಲಿ ಹೊಟ್ಟು ಕುಸಿಯಿತು. ಮತ್ತೆ ಸೆಕೆ ಕೋಣೆಯೊಳಕ್ಕೆ ಇಳಿಯತೊಡಗಿತು. ತಾಯಮ್ಮ ಬಾಯಿ ಬಿಟ್ಟು ಕೇಳಲಿಲ್ಲ, ಊರೇ ಎದ್ದಿತು. ಮನೆಗೊಂದು ಬುಟ್ಟಿ ಹೊಟ್ಟು ಬಂತು. ನಾನಾಗ ಅಕ್ಕಿ ಗಿರಣಿಯಲ್ಲಿ ಮೂಟೆ ಹೊರುತ್ತಿದ್ದೆ. ನಾನೂ ಹೊತ್ತು ತಂದು ಸುರಿದೆ. ಹೆಂಗಸರು ಹಾಡು ಹೇಳುತ್ತ ಬುಟ್ಟಿ ಏರಿಸಿದರು. ಈ ಸಲ ಗೇಣಲ್ಲ, ಹಳೆಯದರ ಮೇಲೆಯೇ ಮೊಳದೆತ್ತರ ಸುರಿದೆವು. ತಂತಿ ಕಾಣದಂತೆ ಮುಚ್ಚಿಹೋಯಿತು. ಅಟ್ಟ ಚೊಕ್ಕಟವಾಯಿತು ಎಂದುಕೊಂಡೆವು.

ಅದೇ ವರ್ಷ ನೀರು ಕಾಯಿಸುವ ಹೀಟರ್ ಬಂತು. ಅದನ್ನೂ ಅದೇ ತಂತಿಗೆ ಸೇರಿಸಿದರು. ಫ್ಯೂಸು ಹೋಗಲಿಲ್ಲ. ಗಾಳಿಯಲ್ಲಿದ್ದರೆ ಆ ತಂತಿ ಅಷ್ಟು ಭಾರವನ್ನು ತಡೆಯುತ್ತಿತ್ತು. ಹೊಟ್ಟಿನಡಿಯಲ್ಲಿ ಅದರ ಬಿಸಿಗೆ ಹೋಗಲು ದಾರಿಯಿರಲಿಲ್ಲ.

ಒಂದು ಮಧ್ಯಾಹ್ನ ದುರುಗಮ್ಮ ಎಂಬ ಹೆಣ್ಣುಮಗಳು ಹೆರಿಗೆ ನೋವಿನಲ್ಲಿದ್ದಳು. ತಾಯಮ್ಮನಿಗೆ ಸುಟ್ಟ ವಾಸನೆ ಬಂತು. ತಲೆಯೆತ್ತಿ ನೋಡಿದರೆ ಹಲಗೆಯ ಸಂದಿನಿಂದ ಹೊಗೆ. ಅವಳು ಕೂಗಾಡಲಿಲ್ಲ. ಮೊದಲು ಮೇನ್ ಸ್ವಿಚ್ ಇಳಿಸಿದಳು. ಜೊತೆಗೆ ಬಂದಿದ್ದ ಹೆಂಗಸರಿಂದ ಮಂಚವನ್ನೇ ಹೊರಗೆ ಹೊರಿಸಿದಳು. ಆಮೇಲೆ ನಮ್ಮನ್ನು ಕರೆದಳು. ನಾವು ಓಡಿ ಬಂದು, ಒಳಗೊಳಗೇ ಕೆಂಡವಾಗುತ್ತಿದ್ದ ಹೊಟ್ಟನ್ನು ಬುಟ್ಟಿಬುಟ್ಟಿಯಾಗಿ ಎಳೆದು ಹೊರಗೆ ಹಾಕಿದೆವು. ಸೀರೆ ಅಡ್ಡ ಹಿಡಿದ ಅಂಗಳದಲ್ಲಿ ದುರುಗಮ್ಮ ಹೆತ್ತಳು. ಮಗು ಅತ್ತಿತು. ನನ್ನ ಅಂಗೈ ಸುಟ್ಟಿದ್ದು ನನಗೆ ಆಗ ತಿಳಿಯಿತು.

ಮರುದಿನ ಹುಲಿಗೆಪ್ಪನನ್ನು ಕರೆಸಿದರು. ಅವನು ಅಟ್ಟ ಹತ್ತಿದ. ತಂತಿಯ ಹೊದಿಕೆ ಕರಗಿ, ಕರಿ ಹೊಟ್ಟು ಅಂಟಿಕೊಂಡಿತ್ತು. ಅವನಿಗೆ ಸಿಟ್ಟು ಬಂತು.

"ನಾನು ಗಾಳಿಯಾಡುವ ಹಾಗೆ ಎಳೆದಿದ್ದೆನಲ್ಲ! ಇದನ್ನು ಮುಚ್ಚಿದವರು ಯಾರು?"

"ನಾವೇ ಮುಚ್ಚಿದೆವು ಕಣಪ್ಪ," ಎಂದಳು ತಾಯಮ್ಮ. "ಬಾಣಂತಿಯರಿಗೆ ತಂಪಾಗಲಿ ಎಂದು ಮುಚ್ಚಿದೆವು. ತಂತಿಗೂ ತಂಪು ಬೇಕು ಅಂತ ನಮಗೆ ಹೇಳಿದವರು ಯಾರು?"

ಹುಲಿಗೆಪ್ಪ ಅಟ್ಟದಿಂದ ಕೆಳಗಿಳಿದ. ಸುಟ್ಟ ತಂತಿಯನ್ನು ಕೈಯಲ್ಲಿ ಹಿಡಿದುಕೊಂಡೇ ಬಹಳ ಹೊತ್ತು ಅಂಗಳದಲ್ಲಿ ಕುಳಿತಿದ್ದ.

ಆಮೇಲೆ ಎದ್ದು ಎರಡು ದಿನ ಕೆಲಸ ಮಾಡಿದ. ಹಳೆಯ ತಂತಿಯನ್ನೆಲ್ಲ ಕಿತ್ತು ದಪ್ಪದ ತಂತಿ ಹಾಕಿದ. ಮೇಲಿನ ಮಾಡಿನ ತೊಲೆಗಳಿಗೆ ಹಲಗೆ ಹೊಡೆದು, ಹೊಟ್ಟು ಎಷ್ಟೇ ಏರಿದರೂ ಮುಟ್ಟದ ಹಾಗೆ ಎಳೆದ. ಹೀಟರಿಗೆ ಬೇರೆಯೇ ತಂತಿ ತಂದು ಹೊರಗೋಡೆಯ ಮೇಲೆ ಇಳಿಸಿದ. ಎಲ್ಲ ಮುಗಿದ ಮೇಲೂ ಅವನು ಹೊರಡಲಿಲ್ಲ. ಬುಟ್ಟಿ ಹೊತ್ತಿದ್ದ ಹೆಂಗಸರನ್ನು ಒಬ್ಬೊಬ್ಬರನ್ನಾಗಿ ಏಣಿ ಹತ್ತಿಸಿದ. ತಂತಿ ಬಿಸಿಯಾಗುತ್ತದೆ, ಅದನ್ನು ಮುಚ್ಚಬೇಡಿ, ಹೊಸದೇನಾದರೂ ಸೇರಿಸುವ ಮೊದಲು ನನ್ನನ್ನು ಕೇಳಿ ಎಂದು ಅಷ್ಟು ಜನಕ್ಕೂ ಹೇಳಿದ. ನನಗೂ ಹೇಳಿದ. ಮಾರನೆಯ ವಾರ ನಾನು ಗಿರಣಿ ಬಿಟ್ಟು ಅವನ ಹಿಂದೆ ಹೋದೆ.

ಆ ಮನೆ ಈಗಿಲ್ಲ. ತಾಯಮ್ಮನೂ ಇಲ್ಲ, ಹುಲಿಗೆಪ್ಪನೂ ಇಲ್ಲ. ಹೊಸ ಹೊಟ್ಟಿನ ವಾಸನೆ ಬಂದರೆ ಮಾತ್ರ ಆ ಹೆಂಗಸರ ಹಾಡು ಕಿವಿಗೆ ಬಿದ್ದಂತಾಗುತ್ತದೆ.

ದೊಡ್ಡಬಸಪ್ಪನವರು ಕತೆ ನಿಲ್ಲಿಸಿದರು. ಕೊಟ್ರೇಶನಿಗೆ ಸಮಾಧಾನವಾಗಲಿಲ್ಲ.

"ಆದರೂ ಗುರುಗಳೇ, ಹುಲಿಗೆಪ್ಪನವರು ಮೊದಲು ಮಾಡಿದ ಕೆಲಸದಲ್ಲಿ ಕುಂದಿರಲಿಲ್ಲ. ಹೊಟ್ಟು ಸುರಿದದ್ದು ಊರಿನವರು. ತಪ್ಪು ಅವರದಲ್ಲವೇ?"

ಗುರುಗಳು ಅವನನ್ನೇ ನೋಡಿ ಹೇಳಿದರು:

"ಸುರಿದವರಿಗೆ ತಿಳಿದಿರಲಿಲ್ಲ ಮಗು, ಎಳೆದವನಿಗೆ ತಿಳಿದಿತ್ತು."